ಎಡಗೈ ಗಂಟು

ಗಂಟಿನ ಒಳಗೆ ಕೆಸರಿತ್ತು.

ಚೀಲ ಹೊಲಿಯುವ ದಬ್ಬಳದ ಮೊನೆಯನ್ನು ಇನ್ನಷ್ಟು ಒಳಕ್ಕೆ ತಳ್ಳಿ, ಹಗ್ಗದ ಮಡಿಕೆಯನ್ನು ಅಗಲಿಸಿ, ತಿಪ್ಪೇರುದ್ರಸ್ವಾಮಿಯವರು ಕನ್ನಡಕವನ್ನು ಹಣೆಗೇರಿಸಿಕೊಂಡು ನೋಡಿದರು. ಹದಿನಾಲ್ಕು ತಿಂಗಳ ಬಿಸಿಲು ಮಳೆಗೆ ಹಗ್ಗದ ಹೊರಮೈ ಬೂದಿಯ ಬಣ್ಣಕ್ಕೆ ತಿರುಗಿತ್ತು. ಒಳಗಿನ ಸುತ್ತಿನಲ್ಲಿ ಮಾತ್ರ ಕೆಂಪು ಗರಸಿನ ಕೆಸರು ಒಣಗಿ ಕೂತಿತ್ತು. ದಬ್ಬಳ ತಾಗಿದ್ದೇ ತಡ, ಒಂದು ಚಿಟಿಕೆ ಕೆಂಪು ಪುಡಿ ಅವರ ಅಂಗೈಗೆ ಉದುರಿತು.

ಅವರಿಗೆ ಅದು ಇಷ್ಟವಾಗಲಿಲ್ಲ.

ಹೋದ ವರ್ಷ ಅಕ್ಟೋಬರ್ ಮಳೆಯಲ್ಲಿ, ನ್ಯಾಮತಿಯಿಂದ ಸೂರಗೊಂಡನಕೊಪ್ಪದ ಕಡೆ ಹೋಗುವ ದಾರಿಯ ಒಂದು ತಿರುವಿನಲ್ಲಿ, ಈ ಲಾರಿಯ ಮೇಲಿಂದ ಉರುಳಿದ ಮೆಕ್ಕೆಜೋಳದ ಚೀಲ ಹಿಂದೆ ಸ್ಕೂಟಿಯಲ್ಲಿ ಬರುತ್ತಿದ್ದ ಟೈಲರ್ ಅನ್ನಪೂರ್ಣಳ ಬಲಗಾಲನ್ನು ತೆಗೆದುಕೊಂಡಿತ್ತು. ಅದಕ್ಕೆ ಹೊಣೆ ಯಾರು ಎಂಬ ಬಗ್ಗೆ ನಾಳೆ ಹನ್ನೊಂದು ಗಂಟೆಗೆ ಹೊನ್ನಾಳಿಯ ಕೋರ್ಟಿನಲ್ಲಿ ರುದ್ರಸ್ವಾಮಿಯವರು ಪ್ರಮಾಣ ಮಾಡಿ ಸಾಕ್ಷಿ ಹೇಳಬೇಕಿತ್ತು.

ಲಾರಿ ಅವಳನ್ನು ಮುಟ್ಟಿರಲಿಲ್ಲ, ನಿಜ. ಆದರೆ ಲಾರಿಯಿಂದ ಬಿದ್ದದ್ದು ಲಾರಿಯದೇ ಕೆಲಸ ಎಂದು ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ಕಾನೂನಿಗಿದೆ. ತಕರಾರು ಬೇರೆ ಇತ್ತು. ಲಾರಿಯ ಮಾಲೀಕ, ಜಗಳೂರಿನ ಜೋಳದ ವ್ಯಾಪಾರಿ ಗುರುಬಸವರಾಜ್, ಕೋರ್ಟಿಗೆ ಬರೆದುಕೊಟ್ಟ ಉತ್ತರದಲ್ಲಿ ಹೀಗಿತ್ತು: ನಮ್ಮ ಹಮಾಲರು ಹಗ್ಗ ಸರಿಯಾಗಿಯೇ ಬಿಗಿದಿದ್ದರು, ಡ್ರೈವರ್ ಕಲ್ಲೇಶ್ ದಾರಿಯಲ್ಲಿ ಚೀಲ ಇಳಿಸಿ ಮಾರಿಕೊಳ್ಳಲು ಗಂಟು ಬಿಚ್ಚಿದ, ಅವನ ಕಳ್ಳತನಕ್ಕೆ ನಾನು ಹೊಣೆಯಲ್ಲ. ವಿಮೆಯವರು ಈ ಮಾತನ್ನು ಕಣ್ಣಿಗೊತ್ತಿಕೊಂಡಿದ್ದರು. ಅದು ನಿಂತರೆ ಕಲ್ಲೇಶ್ ಜೈಲಿಗೆ. ಅನ್ನಪೂರ್ಣ ತನ್ನ ಕಾಲಿನ ಬಾಬ್ತು ಕೇಳಬೇಕಾದದ್ದು ಆ ಕಲ್ಲೇಶನನ್ನೇ, ಡ್ರೈವಿಂಗ್ ಲೈಸೆನ್ಸ್ ಬಿಟ್ಟರೆ ಹೆಸರಿಗೆ ಏನೂ ಇಲ್ಲದವನನ್ನು.

ಕಲ್ಲೇಶನನ್ನು ಈತನಕ ಕಾಪಾಡಿದ್ದು ಈ ಗಂಟು. ಜಪ್ತಿಯಾದ ಮರುದಿನ ಬೆಳಿಗ್ಗೆ ಪಂಚನಾಮೆ ಬರೆಯುವಾಗ ಅದು ಹಿಂಬದಿಯ ಎಡಗಡೆ ಕೊಂಡಿಯಲ್ಲಿ ಬಿಗಿಯಾಗಿಯೇ ಇತ್ತು. ಆ ಸೀಮೆಯಲ್ಲಿ ಲೋಡಿನ ಕೊನೆಯ ಗಂಟು ಹಾಕುವವನು ಹಮಾಲರ ಮೇಸ್ತ್ರಿ. ಮಾಲು ಇಳಿಸುವ ಊರಿನ ಹಮಾಲರೇ ಅದನ್ನು ಬಿಚ್ಚಬೇಕು. ನಡುವೆ ಡ್ರೈವರ್ ಕೈ ಹಾಕಿದರೆ ಮೇಸ್ತ್ರಿಯ ಮುಖಕ್ಕೆ ಹೊಡೆದಂತೆ. ಮುಂದಿನ ಸಲ ಅವನ ಲಾರಿಗೆ ಯಾರೂ ಹೆಗಲು ಕೊಡುವುದಿಲ್ಲ. ಗಂಟು ಹಾಗೇ ಇದೆ ಎಂದರೆ ಕಲ್ಲೇಶ್ ಮುಟ್ಟಿಲ್ಲ ಎಂದೇ ಅರ್ಥ.

ಆದರೆ ಆ ಗಂಟು ಮೊದಲೇ ಇದ್ದಿದ್ದರೆ ಅದರ ಹೊಟ್ಟೆಯಲ್ಲಿ ಜೋಳದ ಧೂಳಿರಬೇಕಿತ್ತು. ಆ ತಿರುವಿನ ರಸ್ತೆ ಕಾಮಗಾರಿಗೆ ಸುರಿದಿದ್ದ ಕೆಂಪು ಗರಸು ಒಳಗೆ ಹೋಗಿದೆ ಎಂದರೆ, ಹಗ್ಗ ಬಿಚ್ಚಿಕೊಂಡೇ ಕೆಸರಿನಲ್ಲಿ ಎಳೆದಾಡಿತ್ತು. ಗಂಟು ಬಿದ್ದದ್ದು ಆಮೇಲೆ. ಇಲ್ಲಿ, ಈ ಅಂಗಳದಲ್ಲಿ.

ಹೊನ್ನಾಳಿಯಲ್ಲಿ ಜಪ್ತಿ ಲಾರಿಗಳನ್ನು ನಿಲ್ಲಿಸುವ ಆ ಅಂಗಳ ಒಂದು ಕಾಲಕ್ಕೆ ಅಕ್ಕಿ ಗಿರಣಿಯದು. ಗಿರಣಿ ನಿಂತು ಬಹಳ ವರ್ಷವಾದರೂ ಒಳಗಿನ ಬೆಲ್ಟುಗಳು ಗಾಳಿ ಬಂದಾಗ ಗೋಡೆಗೆ ತಾಗಿ ಯಾರೋ ನಿಧಾನವಾಗಿ ನಡೆದಾಡಿದ ಸದ್ದು ಮಾಡುತ್ತಿದ್ದವು. ಲಾರಿಯ ಹಲಗೆಗಳ ಸಂದಿಯಲ್ಲಿ ಉಳಿದ ಕಾಳುಗಳು ಮಳೆಗೆ ಮೊಳೆತು, ಮೊಣಕಾಲೆತ್ತರ ಬೆಳೆದು, ತೆನೆ ಕಟ್ಟುವ ಧೈರ್ಯವಾಗದೆ ನಿಂತಲ್ಲೇ ಒಣಗಿದ್ದವು. ಲಾರಿಯೊಂದು ಹೊಲವಾಗಲು ಹೊರಟು ಅರ್ಧಕ್ಕೆ ಕೈಬಿಟ್ಟಂತಿತ್ತು.

ಕಾವಲುಗಾರ ಪರಶುರಾಮ್ ಹತ್ತು ಮಾರು ದೂರದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ.

"ಹತ್ರ ಬಾರಯ್ಯ" ಎಂದರು ರುದ್ರಸ್ವಾಮಿ.

"ಇಲ್ಲೇ ಕಾಣ್ತೈತೆ ಸರ್."

ಆ ಗಾಡಿ ಕೊಂಡೊಯ್ಯಲು ಮಾಲೀಕನಿಗೆ ಕೋರ್ಟಿನ ಅಪ್ಪಣೆ ಸಿಕ್ಕಿ ಹತ್ತು ತಿಂಗಳಾಗಿತ್ತೆಂದೂ, ಅವನು ಈ ಕಡೆ ತಲೆ ಹಾಕಿಲ್ಲವೆಂದೂ ಪರಶುರಾಮ್ ಹೇಳಿದ. ಲಾರಿಯಂಥ ಲಾರಿಯನ್ನೇ ಒಬ್ಬ ವ್ಯಾಪಾರಿ ಬೇಡವೆಂದು ಬಿಟ್ಟಿದ್ದಾನೆ ಎಂದರೆ ತಾನೇಕೆ ಮುಟ್ಟಲಿ ಎಂಬುದು ಅವನ ಸರಳವಾದ ವಾದ. ರುದ್ರಸ್ವಾಮಿಯವರಿಗೆ ಅದರಲ್ಲಿ ತಪ್ಪು ಕಾಣಲಿಲ್ಲ.

ಅಪಘಾತದ ಸಂಜೆ ಇಲ್ಲಿಗೆ ಯಾರು ಯಾರು ಬಂದಿದ್ದರು ಎಂದು ಕೇಳಿದರು. ಪರಶುರಾಮ್ ಬೆರಳು ಮಡಿಚಿದ. ಗುರುಬಸವರಾಜರ ಗುಮಾಸ್ತ. ಕಲ್ಲೇಶನ ಹೆಂಡತಿ. ಅನ್ನಪೂರ್ಣಳ ತಮ್ಮ, ಅವನ ಜೊತೆ ಲಾಯರಮ್ಮ. ಎಲ್ಲರೂ ಲಾರಿಯನ್ನು ಒಂದು ಸುತ್ತು ಹಾಕಿದ್ದರು.

"ಗಂಟು ಹಾಕಿದ್ದು ಯಾರು ಅಂತ ನೋಡಿದೆಯಾ?"

"ಮಳೆ ಹೊಡೀತಿತ್ತು, ಕರೆಂಟಿಲ್ಲ. ನಾನು ಶೆಡ್ಡಿನಾಗಿದ್ದೆ ಸರ್. ಮರುದಿನ ಬೆಳಗ್ಗೆ ನೋಡಿದ್ರೆ ಗಂಟಿತ್ತು." ಮತ್ತೆ ಸೇರಿಸಿದ. "ಗಾಡಿ ಬಂದಾಗ ಹಗ್ಗ ಹಾವಿನಂಗೆ ನೆಲದ ಮೇಲೆ ಎಳ್ಕಂಡು ಬಂತು. ಅದನ್ನ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ರುದ್ರಸ್ವಾಮಿ ಗಿರಣಿಯ ಕಟ್ಟೆಯ ಮೇಲೆ ಕೂತು, ಅನ್ನಪೂರ್ಣಳ ವಕೀಲೆ ಸುನೀತಾ ಬೆಳಿಗ್ಗೆ ಕೊಟ್ಟ ಫೈಲನ್ನು ಚೀಲದಿಂದ ತೆಗೆದರು. ಅದಕ್ಕೆ ಸುತ್ತಿದ್ದ ಬಿಳಿ ಟೇಪು ಉಗುರಿಗೂ ಬಗ್ಗಲಿಲ್ಲ, ಹಲ್ಲಿಗೂ ಬಗ್ಗಲಿಲ್ಲ. ಅರವತ್ತಮೂರರ ಹಲ್ಲನ್ನು ಹೆಚ್ಚು ಪರೀಕ್ಷಿಸುವುದು ಸಲ್ಲದೆಂದು ಟೇಪನ್ನು ಗಂಟಿನ ಸಮೇತ ಫೈಲಿನ ಮೂಲೆಯಿಂದ ಜಾರಿಸಿ ತೆಗೆದು ಜೇಬಿಗೆ ಹಾಕಿಕೊಂಡರು.

ತಾವೇ ಹೋದ ತಿಂಗಳು ಬರೆದುಕೊಟ್ಟ ವರದಿ ಮೇಲೆಯೇ ಇತ್ತು. ‘ಹಿಂಬದಿ ಎಡ ಕೊಂಡಿಯ ಗಂಟು ಲೋಡಿಂಗ್ ಸಮಯದ ಮೂಲ ಸ್ಥಿತಿಯಲ್ಲೇ ಇದೆ. ಬಿಚ್ಚಿದ ಗುರುತಿಲ್ಲ.’ ಕೆಳಗೆ ಅವರ ಸಹಿ. ಮೂವತ್ತೊಂದು ವರ್ಷ ಮೋಟಾರು ವಾಹನ ನಿರೀಕ್ಷಕರಾಗಿದ್ದು, ಮಂತ್ರಿಗಳ ಬಾವಮೈದುನನ ಬಸ್ಸಿಗೂ ಬ್ರೇಕ್ ಸರಿಯಿಲ್ಲವೆಂದು ಬರೆದು, ಲಾರಿ ಮಂದಿಯಿಂದ ‘ಬ್ರೇಕ್ ಸ್ವಾಮಿ’ ಎಂಬ ಬಿರುದು ಪಡೆದು ಚನ್ನಗಿರಿಯಲ್ಲಿ ನಿವೃತ್ತರಾಗಿದ್ದ ಮನುಷ್ಯ, ಒಂದು ಗಂಟನ್ನು ಹೊರಗಿನಿಂದ ನೋಡಿ ಸಹಿ ಹಾಕಿದ್ದರು.

ಗಂಟಿನದೊಂದು ಫೋಟೋ ತೆಗೆದುಕೊಂಡು ದಾವಣಗೆರೆ ಬಸ್ಸು ಹಿಡಿದರು. ಅಲ್ಲಿಂದ ಜಗಳೂರು.

ದಾರಿಯುದ್ದಕ್ಕೂ ಕಣ್ಣೆದುರಿಗೆ ಅನ್ನಪೂರ್ಣ ಬರುತ್ತಿದ್ದಳು. ನ್ಯಾಮತಿಯ ಅವಳ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಪೆಡಲ್ ಬಿಚ್ಚಿ ಮೂಲೆಗಿಟ್ಟಿದ್ದರು. ಬಲಗೈಯಲ್ಲಿ ಚಕ್ರ ತಿರುಗಿಸುತ್ತ, ಎಡಗೈಯಲ್ಲಿ ಬಟ್ಟೆ ದೂಡುತ್ತ, ಎರಡು ದಿನದ ರವಿಕೆಯನ್ನು ಎಂಟು ದಿನ ಹೊಲಿಯುತ್ತಿದ್ದಳು. ಮಾಲೀಕರು ಡ್ರೈವರ್ ಅಂತಾರೆ, ಡ್ರೈವರ್ ಹಮಾಲರು ಅಂತಾನೆ, ವಿಮೆಯವರು ಯಾರೂ ಅಲ್ಲ ಅಂತಾರೆ ಎಂದು ವಿವರಿಸಿ, ದಾರವನ್ನು ಹಲ್ಲಿನಲ್ಲಿ ಕಡಿದು ಹೇಳಿದ್ದಳು: "ಕೊನಿಗೆ ಚೀಲದ್ದೇ ತಪ್ಪು ಅಂತ ಬರೀತಾರೇನ್ರಿ ಸರ್?"

* * *

ಗುರುಬಸವರಾಜರ ಮಂಡಿ ಜಗಳೂರಿನ ಹೊರಗಿತ್ತು. ನಡುಮಧ್ಯಾಹ್ನ. ಅಂಗಳದ ತುಂಬ ಹರಡಿದ ಜೋಳ ಕಣ್ಣಿಗೆ ಚುಚ್ಚುತ್ತಿತ್ತು. ಲೋಡಾಗುತ್ತಿದ್ದ ಲಾರಿಯೊಂದರ ನೆರಳಿನಲ್ಲಿ ಎಂಟು ಮಂದಿ ಹಮಾಲರು ಬುತ್ತಿ ಬಿಚ್ಚಿಕೊಂಡಿದ್ದರು. ಮೇಸ್ತ್ರಿ ಮಲ್ಲೇಶಪ್ಪ ಐವತ್ತರ ಆಳು; ಚೀಲ ಹೊತ್ತು ಹೊತ್ತು ಕತ್ತು ಭುಜದೊಳಗೆ ಇಳಿದುಹೋಗಿತ್ತು.

ರುದ್ರಸ್ವಾಮಿ ಮೊದಲು ನಿಮ್ಮ ಗಂಟು ತೋರಿಸಿ ಎಂದರು. ಮಲ್ಲೇಶಪ್ಪ ಎದ್ದು, ಕೈ ಒರೆಸಿಕೊಂಡು, ಹಗ್ಗವನ್ನು ಕೊಂಡಿಯ ಬಲದಿಂದ ತಂದು ಎಡಕ್ಕೆ ಸುತ್ತಿ ಒಂದೇ ಸಲ ತೂರಿಸಿ ಜಗ್ಗಿದ. ಅರ್ಧ ನಿಮಿಷದ ಕೆಲಸ. ಹಗ್ಗದ ತುದಿ ಹೊರಗೆ ನೇತಾಡುತ್ತಿತ್ತು.

"ಈಗ ಇದನ್ನು ನೋಡು" ಎಂದು ಫೋನ್ ಮುಂದೆ ಹಿಡಿದರು.

ಮಲ್ಲೇಶಪ್ಪ ನೋಡಿದ. ಇನ್ನೊಮ್ಮೆ ನೋಡಿದ. ತಲೆಗೆ ಸುತ್ತಿದ್ದ ಟವಲನ್ನು ನಿಧಾನವಾಗಿ ತೆಗೆದು ಕಂಕುಳಿಗೆ ಸೇರಿಸಿ, ಎರಡು ಹೆಜ್ಜೆ ಹಿಂದೆ ಸರಿದ. ಬುತ್ತಿಯ ಮೇಲಿದ್ದ ಕೈಗಳು ನಿಂತವು. ತೂಕದ ಕೊಕ್ಕೆಯೊಂದು, ಯಾರೂ ಮುಟ್ಟದಿದ್ದರೂ, ಸರಪಣಿಯ ತುದಿಯಲ್ಲಿ ಸಣ್ಣಗೆ ತೂಗುತ್ತಿತ್ತು.

"ಇದು ನಮ್ದಲ್ರೀ" ಎಂದ. "ಸಣ್ಣಪ್ಪಣ್ಣಂದು."

"ಅವನನ್ನು ಕರಿ."

"ಕರೆದ್ರೆ ಬರಾಕೆ ಅವ್ನು ಇರಬೇಕಲ್ರೀ. ಸತ್ತು ಒಂಬತ್ತು ವರ್ಷ ಆತು."

ಮಲ್ಲೇಶಪ್ಪನಿಗಿಂತ ಮುಂಚೆ ಈ ಮಂಡಿಯ ಮೇಸ್ತ್ರಿಯಾಗಿದ್ದವನು ಸಣ್ಣಪ್ಪ. ಎಡಗೈಯವನು. ಅವನ ಗಂಟು ಎಡದಿಂದ ಹೊರಟು, ಎರಡು ಸಲ ಒಳಗೆ ನುಸುಳಿ, ತುದಿಯನ್ನು ತನ್ನ ಹೊಟ್ಟೆಯಲ್ಲೇ ಬಚ್ಚಿಟ್ಟುಕೊಳ್ಳುತ್ತಿತ್ತು. ಎಷ್ಟೋ ಜನ ಕಲಿಯಲು ನೋಡಿದರು. ಬಲಗೈಯವರು ಹಾಕಿದರೆ ನೋಡಲು ಹಾಗೇ ಕಂಡರೂ ಒಂದು ಜಗ್ಗಿಗೆ ಬಿಚ್ಚಿಕೊಳ್ಳುತ್ತಿತ್ತು. ಇದೇ ಅಂಗಳದಲ್ಲಿ, ತಾನು ಗಂಟು ಹಾಕಿ ಇಳಿದ ಲೋಡೇ ವಾಲಿ ಮೈಮೇಲೆ ಬಿದ್ದು ಅವನು ಸತ್ತ. ಗಂಟು ಹಾಕದೆ ಬಿಟ್ಟಿದ್ದ, ತಪ್ಪು ಅವನದೇ ಎಂದು ಬರೆದು ಕೇಸು ಮುಚ್ಚಿದರು. ಮಾಲೀಕನಿಗೆ ಹೊಣೆಯಿಲ್ಲ. ಅಲ್ಲಿಂದೀಚೆಗೆ ಆ ಗಂಟನ್ನು ಯಾರೂ ಕಂಡಿಲ್ಲ; ಈ ಹಮಾಲರು ಲೋಡಿನ ಮೇಲಿನ ಸಾಲಿಗೆ ಹತ್ತುವ ಮೊದಲು ನೆಲ ಮುಟ್ಟಿ ನಮಸ್ಕರಿಸುತ್ತಾರೆ.

"ಏನ್ರೀ ಬ್ರೇಕ್ ಸ್ವಾಮ್ಯಾರೆ."

ಗುರುಬಸವರಾಜ್ ಅಂಗಡಿಯ ಮೆಟ್ಟಿಲಿಳಿದು ಬರುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಜೋಳದ ಮಾದರಿಯ ಪುಟ್ಟ ಪೊಟ್ಟಣ. ನಾಳೆ ಸಾಕ್ಷಿ ಹೇಳೋರು ಇವತ್ತು ನಮ್ಮ ಅಂಗಳಕ್ಕೆ ಬಂದದ್ದು ಯಾಕೆ ಎಂದು ನಗುತ್ತಲೇ ವಿಚಾರಿಸಿದರು.

"ಗಂಟು ಕಲಿಯಾಕೆ" ಎಂದರು ರುದ್ರಸ್ವಾಮಿ.

"ಈ ವಯಸ್ಸಿನಾಗೆ?"

"ನಾಳೆ ಕೋರ್ಟಿನಾಗೆ ಪರೀಕ್ಷೆ ಐತೆ. ಆವತ್ತು ಎಷ್ಟು ಸಾಲು ಹೇರಿಸಿದ್ರಿ?"

"ಎಷ್ಟು ಹೇರಬೇಕೋ ಅಷ್ಟು. ಹಗ್ಗ ಬಿಚ್ಚಿದೋನು ಕಲ್ಲೇಶ. ಬಿಚ್ಚಿದೋನು ಅನುಭವಿಸಲಿ."

"ಬಿಚ್ಚಿದ್ದನ್ನು ನೋಡಿದ್ರಾ?"

"ನೋಡಬೇಕೇನ್ರೀ? ಡ್ರೈವರ್ ಜಾತಿ."

"ಹಂಗಾದ್ರೆ ಇದನ್ನಾದ್ರೂ ನೋಡ್ರಿ."

ಗುರುಬಸವರಾಜ್ ಫೋನನ್ನು ಕೈಗೆ ತೆಗೆದುಕೊಂಡರು. ನಗು ತುಟಿಯ ಮೇಲೆ ಉಳಿಯಿತು; ಉಳಿದ ಮುಖ ಅದರಿಂದ ದೂರ ಸರಿಯಿತು. ಎಡಗೈ ತಾನಾಗಿ ಅಂಗಿಯೊಳಗಿನ ಲಿಂಗದ ಕರಡಿಗೆಯನ್ನು ಹುಡುಕಿಕೊಂಡು ಹೋಯಿತು. ಪೊಟ್ಟಣ ಜಾರಿ, ಮಾದರಿಯ ಜೋಳ ಅಂಗಳದ ಜೋಳದಲ್ಲಿ ಬೆರೆತುಹೋಯಿತು.

"ಗುಮಾಸ್ತ ಹೇಳಿದ್ದ" ಎಂದರು. ದನಿ ಅವರದಲ್ಲವೆಂಬಂತಿತ್ತು. "ಆವತ್ತು ಸಂಜೆ ಬಿಚ್ಚಿದ್ದ ಹಗ್ಗ ಮರುದಿನ ಹೋದ್ರೆ ಕಟ್ಟಿತ್ತು, ಅದೂ ಆ ಗಂಟು ಅಂತ. ಕುಡಿದು ಬಂದೀಯೇನೋ ಅಂತ ಬೈದಿದ್ದೆ."

"ಬೈದ ಮೇಲೆ ಲಾರಿ ತರಾಕೆ ಯಾಕೆ ಹೋಗಲಿಲ್ಲ?"

ಗುರುಬಸವರಾಜ್ ಪರದೆಯ ಮೇಲಿನ ಗಂಟನ್ನು ಬೆರಳಿನಿಂದ ದೊಡ್ಡದು ಮಾಡಿದರು.

"ಸಣ್ಣಪ್ಪನ ಗಂಟು ಅಷ್ಟು ಚೆನ್ನಾಗಿ ಹೆಂಗೆ ಗೊತ್ತು ನಿಮಗೆ?"

"ಇದು ಆಗಾಕೆ ಸಾಧ್ಯ ಇಲ್ಲ." ಗುರುಬಸವರಾಜ್ ಫೋನಿನ ಜೊತೆಗೇ ಮಾತಾಡುತ್ತಿದ್ದರು. "ಆ ಗಂಟನ್ನ ನಾನೇ ನಿಂತು ಕೊಯ್ಸಿದ್ದು. ನನ್ನ ಕಣ್ಣೆದುರಿಗೇ ಒಲೆಗೆ ಹಾಕ್ಸಿದ್ದು."

ಅಂಗಳದಲ್ಲಿ ಗುಬ್ಬಿಗಳು ಜೋಳ ಹೆಕ್ಕುವುದೂ ಕೇಳಿಸುತ್ತಿತ್ತು.

ರುದ್ರಸ್ವಾಮಿ ಅವಸರ ಮಾಡಲಿಲ್ಲ. "ಹಾಕದೇ ಇದ್ದ ಗಂಟನ್ನು ಹೆಂಗೆ ಕೊಯ್ಸಿದ್ರಿ?" ಎಂದು ಮೆಲ್ಲಗೆ ಕೇಳಿದರು.

ಆಗ ಗುರುಬಸವರಾಜರಿಗೆ ಎಚ್ಚರವಾಯಿತು. ಫೋನನ್ನು ಸುಡುವ ವಸ್ತುವಿನಂತೆ ಹಿಂದಕ್ಕೆ ಕೊಟ್ಟರು. ತಾವು ಏನೂ ಹೇಳಿಲ್ಲವೆಂದರು. ಎಂಟು ಜನ ಕೇಳಿದ್ದಾರಲ್ಲ ಎಂದು ರುದ್ರಸ್ವಾಮಿ ಜ್ಞಾಪಿಸಿದಾಗ ಹಮಾಲರ ಕಡೆ ಒಮ್ಮೆ ಕಣ್ಣಾಡಿಸಿ, "ಅವರು ನನ್ನ ಹಮಾಲರು" ಎಂದು ಹೇಳಿ ಮೆಟ್ಟಿಲು ಹತ್ತಿ ಒಳಗೆ ಹೋದರು. ಒಳಗಿನಿಂದ ಚಿಲಕ ಬಿತ್ತು. ಹಾಡಹಗಲು ಜೋಳದ ಮಂಡಿಯೊಂದು ಒಳಗಿನಿಂದ ಚಿಲಕ ಹಾಕಿಕೊಂಡದ್ದನ್ನು ರುದ್ರಸ್ವಾಮಿ ಅದೇ ಮೊದಲು ನೋಡಿದ್ದು.

ಮಲ್ಲೇಶಪ್ಪ ಅವರನ್ನು ಗೇಟಿನವರೆಗೆ ಬಿಡಲು ಬಂದ. ಗೇಟಿನ ಹತ್ತಿರ ನಿಂತು, ಬೇರೆಯವರ ಸುದ್ದಿ ಹೇಳುವವನಂತೆ ಹೇಳಿದ. ಆ ದಿನ ಅವರು ಎಂಟು ಸಾಲಿಗೆ ಹಗ್ಗ ಅಳೆದು ತಂದಿದ್ದರು. ಹೊರಡುವ ಹೊತ್ತಿಗೆ ಸಾಹುಕಾರರು ಇನ್ನೆರಡು ಸಾಲು ಹೇರಿಸಿದರು. ಹಗ್ಗ ಎಳೆದೆಳೆದು ಕೊಂಡಿಗೆ ಮುಟ್ಟಿಸಿದ ಮೇಲೆ ಗಂಟಿಗೆ ಉಳಿದದ್ದು ಒಂದು ಗೇಣು.

"ಗೇಣಿನಾಗೆ ನಮ್ಮ ಗಂಟು ನಿಲ್ಲಲ್ರೀ. ಚೀಲ ಕುಲುಕಿ ಕುಂತ್ಕಂತಾವೆ, ಹಗ್ಗ ಸಡ್ಲ ಆಗ್ತೈತೆ, ತಾನೇ ಬಿಚ್ಕಂತೈತೆ. ಕಲ್ಲೇಶಂಗೆ ಸಡ್ಲಾಗಿದ್ದು ಗೊತ್ತಾಗಿರ್ತೈತೆ. ಆದ್ರೂ ಮುಟ್ಟಂಗಿಲ್ಲ. ನನ್ನ ಗಂಟಲ್ವ ಅದು."

ಅಂದರೆ ಕಲ್ಲೇಶ್ ಕಳ್ಳನಲ್ಲ. ಮೇಸ್ತ್ರಿಯ ಮರ್ಯಾದೆ ಉಳಿಸಲು ಸಡಿಲಾದ ಹಗ್ಗವನ್ನು ಸಡಿಲಾಗಿಯೇ ಬಿಟ್ಟಿದ್ದ. 

ಆ ಮರ್ಯಾದೆಗೆ ಅನ್ನಪೂರ್ಣಳ ಕಾಲು ಹೋಗಿತ್ತು.

"ಇದನ್ನು ನಾಳೆ ಬಂದು ಹೇಳ್ತೀಯಾ?"

ಮಲ್ಲೇಶಪ್ಪ ತಿರುಗಿ ಲಾರಿಯ ನೆರಳಿನಲ್ಲಿ ಕೂತ ಏಳು ಜನರನ್ನು ನೋಡಿದ. "ಈ ಊರಾಗೆ ಮಂಡಿ ಇರೋದು ಇದೊಂದೇ ಸಾಹೇಬ್ರೆ" ಎಂದ. ಆಮೇಲೆ ಟವಲು ಕೊಡವಿ ಹೇಳಿದ: "ಸಣ್ಣಪ್ಪಣ್ಣನ ಹೆಂಡ್ತಿ ಅಜ್ಜಮ್ಮ ಹಿಂದಿನ ಓಣ್ಯಾಗೆ ಅದಾಳೆ. ಗಂಟಿನ ವಿಚಾರ ಆಕೀನ ಕೇಳ್ರಿ."

* * *

ಅಜ್ಜಮ್ಮನ ಮನೆಯಲ್ಲಿ ಏನೋ ಇಲ್ಲ ಎಂದು ರುದ್ರಸ್ವಾಮಿಯವರಿಗೆ ಒಳಗೆ ಕಾಲಿಟ್ಟ ಕೂಡಲೇ ಅನ್ನಿಸಿತು. ಏನೆಂದು ತಿಳಿಯಲು ಹೊತ್ತು ಹಿಡಿಯಿತು. ಬಾಗಿಲಿಗೆ ಕಲ್ಲು ಆನಿಸಿತ್ತು. ಕಾಳಿನ ಚೀಲಗಳ ಬಾಯಿ ಮಡಿಚಿ ಮೇಲೆ ಇಟ್ಟಿಗೆ ಇಟ್ಟಿತ್ತು. ಸೀರೆ ಒಣಗಿಸಲು ಹಗ್ಗವಿಲ್ಲ, ಗೋಡೆಯಿಂದ ಗೋಡೆಗೆ ಬಿದಿರುಗಳು. ಮುದುಕಿಯ ಕೂದಲೂ ಬಿಚ್ಚಿಕೊಂಡು ಹೆಗಲ ಮೇಲೆ ಬೆಳ್ಳಗೆ ಹರಡಿತ್ತು.

ಇಡೀ ಮನೆಯಲ್ಲಿ ಒಂದೇ ಒಂದು ಗಂಟಿರಲಿಲ್ಲ.

"ಕುಂದ್ರಪ್ಪ" ಎಂದಳು ಅಜ್ಜಮ್ಮ. ಅವರ ನೋಟ ಎಲ್ಲೆಲ್ಲಿ ಹೋಯಿತೆಂದು ಗಮನಿಸಿ ತಾನೇ ಹೇಳಿದಳು: ಗಂಟು ಹಾಕಲಿಲ್ಲ ಎಂದು ಅವನನ್ನು ಹೊಣೆ ಮಾಡಿದ ಮೇಲೆ, ಈ ಮನೆಯಲ್ಲಿ ಯಾರೂ ಗಂಟು ಹಾಕಿಲ್ಲ.

ಫೋಟೋ ತೋರಿಸಿದರು. ಅಜ್ಜಮ್ಮ ಅದನ್ನು ಕಣ್ಣಿಗಿಂತ ಹೆಚ್ಚಾಗಿ ಬೆರಳಿನಿಂದ ನೋಡಿದಳು. ಆಶ್ಚರ್ಯಪಡಲಿಲ್ಲ. ಎದ್ದು, ಅಡುಗೆಮನೆಯ ಗೂಡಿನಿಂದ ಒಂದರ ಮೇಲೊಂದು ಇಟ್ಟಿದ್ದ ಪೊಟ್ಟಣಗಳನ್ನು ತಂದು ಅವರ ಮುಂದೆ ಇಟ್ಟಳು. ಎಂಟು. ಕಂದು ಕಾಗದ ಸುತ್ತಿ ಸೆಣಬಿನ ದಾರ ಬಿಗಿದಿದ್ದ ಅಂಚೆಯ ಪೊಟ್ಟಣಗಳು. ಒಂದನ್ನೂ ಬಿಚ್ಚಿರಲಿಲ್ಲ.

ಎಲ್ಲದರ ಮೇಲೂ ಅದೇ ಗಂಟು. ಎಡದಿಂದ ಹೊರಟು, ಎರಡು ಸಲ ನುಸುಳಿ, ತುದಿ ಒಳಗೆ.

"ಯುಗಾದಿಗೆ ಒಂದು ಬರ್ತೈತೆ" ಎಂದಳು. "ಕಳಿಸಿದೋರ ಹೆಸರಿಲ್ಲ. ಕೈಯಾಗೆ ಹಿಡಿದ್ರೆ ಸೀರೆ ಅಂತ ಗೊತ್ತಾಗ್ತೈತೆ. ಸತ್ತೋರು ಸೀರೆ ಕಳಿಸ್ತಾರೇನಪ್ಪ?"

ಸರ್ಕಾರಿ ನೌಕರಿಯಲ್ಲಿ ಇಂಥ ಪ್ರಶ್ನೆಗಳಿಗೆ ಉತ್ತರಿಸುವ ಅಭ್ಯಾಸ ಅವರಿಗಾಗಿರಲಿಲ್ಲ. ಯಾಕೆ ಬಿಚ್ಚಿ ನೋಡಲಿಲ್ಲ ಎಂದು ಕೇಳಿದರು.

"ಬಿಚ್ಚಿದ್ರೆ ಅವನ ಕೈ ಬಿಡಿಸ್ದಂಗೆ. ಇರ್ಲಿ ಬಿಡು."

ರುದ್ರಸ್ವಾಮಿ ಕನ್ನಡಕ ಒರೆಸಿದರು. ಸಣ್ಣಪ್ಪ ಈ ಗಂಟನ್ನು ಯಾರಿಗಾದರೂ ಕಲಿಸಿದ್ದನೇ ಎಂದು ಕೇಳಿದರು. ಯಾರಿಗೂ ಇಲ್ಲ ಎಂದಳು ಅಜ್ಜಮ್ಮ. ಹಮಾಲರು ಎಷ್ಟು ಕೇಳಿದರೂ ಅವನು ನಕ್ಕು ಸುಮ್ಮನಾಗುತ್ತಿದ್ದ. ಇದು ಕಲಿಸೋದಲ್ಲ, ದಿನಾ ನೋಡಬೇಕು ಅನ್ನುತ್ತಿದ್ದ.

"ದಿನಾ ನೋಡಿದವರು ಯಾರು?"

ಹಳೆಯದೇನನ್ನೋ ಹೊಸದಾಗಿ ಕಂಡವಳಂತೆ ಅಜ್ಜಮ್ಮನ ಮುಖ ನಿಧಾನವಾಗಿ ಬದಲಾಯಿತು.

"ಪುಟ್ಟಿಗೆ ಜಡೆ ಹಾಕ್ತಿದ್ದ" ಎಂದಳು. "ಸ್ಕೂಲಿಗೆ ಹೋಗೋ ಮುಂದೆ ದಿನಾ ಅವನೇ ರಿಬ್ಬನ್ ಕಟ್ತಿದ್ದ. ಸಂಜಿಗೆ ಬಂದ್ರೂ ಬಿಚ್ತಿರಲಿಲ್ಲ, ಹುಡುಗಿ ಅಳ್ತಿದ್ಲು. ಆಕೀದೂ ಎಡಗೈನೇ."

ಒಬ್ಬಳೇ ಮಗಳು. ಅಪ್ಪನ ಕೇಸು ಮುಚ್ಚಿದ ವಾರವೇ ಮನೆ ಬಿಟ್ಟಿದ್ದಳು. ಅಪ್ಪನ ಹೆಸರಿಗೆ ಬರೆದ ತಪ್ಪನ್ನು ಅಳಿಸುವವರೆಗೆ ಈ ಹೊಸಿಲು ತುಳಿಯುವುದಿಲ್ಲ ಎಂದಿದ್ದಳು. ಎಲ್ಲಿದ್ದಾಳೆ, ಏನು ಮಾಡುತ್ತಾಳೆ, ಅಜ್ಜಮ್ಮನಿಗೆ ಗೊತ್ತಿರಲಿಲ್ಲ.

ಎಂಟು ಪೊಟ್ಟಣಗಳನ್ನು ರುದ್ರಸ್ವಾಮಿ ಒಂದೊಂದಾಗಿ ಬೆಳಕಿಗೆ ಹಿಡಿದರು. ಏಳರ ಮೇಲೆ ಅಂಚೆಯ ಮುದ್ರೆ ಕಲೆಯಾಗಿ ಹರಡಿತ್ತು. ಎಂಟನೆಯದರ ಮೇಲೆ ಊರಿನ ಹೆಸರು ಅಳಿಸಿರಲಿಲ್ಲ.

ಹೊನ್ನಾಳಿ.

* * *

ದಾವಣಗೆರೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹೊರಗೆ ಕೊಯ್ದ ಜೋಳದ ಹೊಲಗಳ ಮೇಲೆ ಸಂಜೆಯ ಬಿಸಿಲು. ಟಿಕೆಟ್ಟಿಗೆಂದು ಜೇಬಿಗೆ ಕೈ ಹಾಕಿದಾಗ ಬೆರಳಿಗೆ ಏನೋ ತೊಡರಿತು.

ಫೈಲಿನ ಬಿಳಿ ಟೇಪು. ಉಗುರಿಗೂ ಹಲ್ಲಿಗೂ ಬಗ್ಗದ ಗಂಟು.

ರುದ್ರಸ್ವಾಮಿ ಅದನ್ನು ತೊಡೆಯ ಮೇಲಿಟ್ಟರು. ಫೋನಿನಲ್ಲಿ ಲಾರಿಯ ಗಂಟಿನ ಫೋಟೋ ತೆರೆದು ಪಕ್ಕದಲ್ಲಿಟ್ಟರು. ದಬ್ಬಳದ ಮೊನೆಯಿಂದ ಟೇಪಿನ ಸುತ್ತನ್ನು ಹಿಂಬಾಲಿಸಿದರು. ಎಡದಿಂದ. ಒಳಗೆ. ಮತ್ತೆ ಒಳಗೆ. ತುದಿ ಕಾಣಲಿಲ್ಲ.

ಫೈಲಿನ ಮೇಲೆ ಅಚ್ಚಾದ ಹೆಸರನ್ನು ಆರು ತಿಂಗಳಿಂದ ನೋಡುತ್ತಲೇ ಬಂದಿದ್ದರು. ಎಸ್. ಸುನೀತಾ, ವಕೀಲರು. ಆ ಎಸ್. ಏನೆಂದು ಕೇಳುವ ಅಗತ್ಯ ಅವರಿಗೆ ಒಮ್ಮೆಯೂ ಕಂಡಿರಲಿಲ್ಲ. ಅವಳು ಎಡಗೈಯಲ್ಲಿ ಬರೆಯುವುದನ್ನು ನೋಡಿಯೂ ಇದ್ದರು.

ಆ ಮಳೆಯ ಸಂಜೆ ಅನ್ನಪೂರ್ಣಳ ತಮ್ಮನ ಜೊತೆ ಗಿರಣಿಯ ಅಂಗಳಕ್ಕೆ ಬಂದ ಲಾಯರಮ್ಮ, ಗುರುಬಸವರಾಜರ ಲಾರಿಯನ್ನೂ ನೆಲದ ಮೇಲೆ ಬಿದ್ದ ಹಗ್ಗವನ್ನೂ ನೋಡಿದ್ದಳು. ಡ್ರೈವರ್ ಮೇಲೆ ಹೊರಿಸುತ್ತಾರೆ ಎಂದು ಅವಳಿಗೆ ತಕ್ಷಣ ಹೊಳೆದಿರಬೇಕು; ಆ ಮನೆಯಲ್ಲಿ ಬೆಳೆದವಳಿಗೆ ಹೊಳೆಯದೆ ಇರುತ್ತದೆಯೇ. ಬಗ್ಗಿ, ಒಂದು ಮೇಸ್ತ್ರಿ ಗಂಟು ಹಾಕಿದ್ದಳು. ಆದರೆ ಆ ಕೈಗೆ ಗೊತ್ತಿದ್ದದ್ದು ಒಂದೇ ಗಂಟು.

ನಾಳೆ ಅವರು ಕೆಸರಿನ ವಿಷಯ ಹೇಳಿದರೆ ಸುಳ್ಳು ಸಾಕ್ಷಿ ಸೃಷ್ಟಿಸಿದ ವಕೀಲೆಯ ಜೊತೆ ಅನ್ನಪೂರ್ಣಳ ಕೇಸೂ ಮುಳುಗುತ್ತದೆ, ಕಳ್ಳನಲ್ಲದ ಕಲ್ಲೇಶ್ ಕಳ್ಳನಾಗುತ್ತಾನೆ, ಗುರುಬಸವರಾಜ್ ಎರಡನೆಯ ಸಲ ಹೊಣೆಯಿಲ್ಲದೆ ಎದ್ದು ಹೋಗುತ್ತಾರೆ. ಹೇಳದಿದ್ದರೆ, ಮೂವತ್ತೊಂದು ವರ್ಷ ಒಂದೂ ಸುಳ್ಳು ಸಹಿ ಹಾಕದ ಕೈಯನ್ನು ಎತ್ತಿ ಪ್ರಮಾಣ ಮಾಡಬೇಕು.

ಫೋನ್ ತೊಡೆಯ ಮೇಲೆಯೇ ನಡುಗಿತು. ಗಂಟಿನ ಫೋಟೋ ಹೋಗಿ ಅದರ ಜಾಗದಲ್ಲಿ ಸುನೀತಾ ಎಂಬ ಹೆಸರು ಬಂತು.

ಅವಳ ದನಿ ಎಂದಿನಂತೆ ಚುರುಕಾಗಿತ್ತು. ನಾಳೆ ಹತ್ತೂವರೆಗೇ ಬಂದುಬಿಡಿ, ಹೆಚ್ಚು ಪ್ರಶ್ನೆ ಇರುವುದಿಲ್ಲ, ವರದಿಯಲ್ಲಿ ಬರೆದಷ್ಟನ್ನೇ ಹೇಳಿದರೆ ಸಾಕು ಎಂದಳು. ರುದ್ರಸ್ವಾಮಿ ಹೂಂಗುಟ್ಟಿದರು. ಹಿಂದಿನ ಸೀಟಿನಲ್ಲಿ ಕುರಿ ಮಾರಿ ಬಂದ ಇಬ್ಬರು ಜೋರಾಗಿ ಮಾತಾಡುತ್ತಿದ್ದರು.

"ಗಲಾಟೆ ಕೇಳಿಸ್ತಿದೆ. ಎಲ್ಲಿದ್ದೀರಿ ಸರ್?"

"ಬಸ್ಸಿನಲ್ಲಿ" ಎಂದರು. ಟೇಪಿನ ಗಂಟನ್ನು ಹೆಬ್ಬೆರಳಿನಿಂದ ಒತ್ತಿದರು. ಅದು ಅಲುಗಲಿಲ್ಲ. "ಜಗಳೂರಿಂದ ಬರ್ತಿದ್ದೀನಮ್ಮ."

ಬಸ್ಸು ಒಂದು ಉಬ್ಬು ಹತ್ತಿ ಇಳಿಯಿತು. ಕರೆ ಕಡಿದಿದೆಯೇನೋ ಎಂದು ಅವರು ಫೋನನ್ನು ಕಿವಿಯಿಂದ ತೆಗೆಯಬೇಕು ಅನ್ನುವಷ್ಟರಲ್ಲಿ ಅವಳ ದನಿ ಬಂತು. ಕೋರ್ಟಿನ ದನಿಯಲ್ಲ. ಅವರು ಈತನಕ ಕೇಳಿಯೇ ಇರದ, ಜಗಳೂರಿನ ಓಣಿಯ ದನಿ.

"ನಮ್ಮವ್ವ ಹೆಂಗದಾಳೆ ಸರ್?"